‘ಇನ್‌ಕ್ರೆಡಿಬಲ್ಸ್ 2’ ನೋಡಿದರೆ ಆಟಿಸಂ ಇರುವ ಮಕ್ಕಳಿಗೆ ಫಿಟ್ಸ್ ಬರುತ್ತದೆಯೇ?

ಶಾಲೆಗೆ ರಜೆ ಬಂತೆಂದರೆ ಅಪ್ಪ-ಅಮ್ಮಂದಿರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮಕ್ಕಳಿಗೆ ಯಾವ ಸಿನಿಮಾ ತೋರಿಸಬೇಕು, ಯಾವುದು ಬೇಡ ಎಂಬ ಮೆಸೇಜ್‌ಗಳು ಓಡಾಡತೊಡಗುತ್ತವೆ. ಅಂಥದ್ದರಲ್ಲಿ ಒಂದು ಹೀಗಿದೆ: ‘ಆಟಿಸಂ ಇರುವ ಮಕ್ಕಳಿಗೆ ಇನ್‌ಕ್ರೆಡಿಬಲ್ಸ್ 2 ತೋರಿಸಲೇಬೇಡಿ, ಫಿಟ್ಸ್ ಬರುತ್ತದೆ.’ ಇದು ಪೂರ್ತಿ ಸುಳ್ಳಲ್ಲ. ಆದರೆ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಗಂಟಿಗೆ ಕಟ್ಟಿದೆ. ಆ ಗಂಟನ್ನು ಬಿಚ್ಚದೆ ಮಗುವಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ.

ಮೊದಲು ನಿಜ ಇರುವ ಭಾಗ ನೋಡೋಣ. ಬ್ರಾಡ್ ಬರ್ಡ್ ನಿರ್ದೇಶನದ ಈ ಪಿಕ್ಸಾರ್ ಸಿನಿಮಾ ಅಮೆರಿಕದಲ್ಲಿ 2018ರ ಜೂನ್‌ನಲ್ಲಿ ಬಿಡುಗಡೆಯಾಯಿತು. 2004ರ ಮೊದಲ ಸಿನಿಮಾದ ಮುಂದುವರಿದ ಕಥೆ ಇದು. ಹಿಂದಿ ಡಬ್ಬಿಂಗ್‌ನಲ್ಲಿ ಅಮ್ಮನ ಪಾತ್ರಕ್ಕೆ ಕಾಜೋಲ್ ದನಿ ಕೊಟ್ಟಿದ್ದರಿಂದ ನಮ್ಮಲ್ಲಿಯೂ ಅನೇಕರಿಗೆ ಗೊತ್ತು. ಇದರ ಖಳನಾಯಕ ‘ಸ್ಕ್ರೀನ್‌ಸ್ಲೇವರ್’ ಪರದೆಗಳ ಮೂಲಕ ಜನರನ್ನು ಸಮ್ಮೋಹನಗೊಳಿಸುತ್ತಾನೆ. ಕಥೆಯ ನಡುವೆ ಎಲಾಸ್ಟಿಗರ್ಲ್ ಅವನನ್ನು ಹುಡುಕಿಕೊಂಡು ಒಂದು ಕೋಣೆಯೊಳಗೆ ಹೋಗುತ್ತಾಳೆ. ಅಲ್ಲಿ ನಡೆಯುವ ಹೊಡೆದಾಟದಲ್ಲಿ ಬೆಳಕು ಕಪ್ಪು-ಬಿಳುಪಾಗಿ ಪಟಪಟನೆ ಮಿನುಗುತ್ತಲೇ ಇರುತ್ತದೆ. ಒಂದು ಮಿಂಚು ಹೊಡೆದು ಹೋದ ಹಾಗಲ್ಲ, ಕಣ್ಣು ತಿರುಗಿಸಿಕೊಳ್ಳಬೇಕು ಅನ್ನಿಸುವಷ್ಟು ಹೊತ್ತು ಇರುತ್ತದೆ.

ಸಿನಿಮಾ ಬಿಡುಗಡೆಯಾದ ಕೂಡಲೇ ನೋಡಿದವರು ಈ ಬಗ್ಗೆ ಎಚ್ಚರಿಸಿದರು. ಅಮೆರಿಕದ ಎಪಿಲೆಪ್ಸಿ ಫೌಂಡೇಶನ್ ಹೇಳಿಕೆ ಕೊಟ್ಟಿತು. ಟಿಕೆಟ್ ಕೊಳ್ಳುವ ಜಾಗದಲ್ಲಿ ಎಚ್ಚರಿಕೆಯ ಫಲಕ ಹಾಕುವಂತೆ ಡಿಸ್ನಿ ಚಿತ್ರಮಂದಿರಗಳಿಗೆ ತಿಳಿಸಿತು. ಬ್ರಿಟನ್‌ನಲ್ಲಿ ತೋರಿಸುವ ಪ್ರತಿಯಲ್ಲಿ ಮಿನುಗುವ ದೃಶ್ಯಗಳನ್ನೇ ತಿದ್ದಲಾಯಿತು.

ಗಮನಿಸಿ, ಈ ಎಚ್ಚರಿಕೆಯೆಲ್ಲ ಇದ್ದದ್ದು ಮುಖ್ಯವಾಗಿ ಬೆಳಕಿನಿಂದ ಫಿಟ್ಸ್ ಬರುವವರಿಗಾಗಿ. ಇದನ್ನು ಫೋಟೋಸೆನ್ಸಿಟಿವ್ ಎಪಿಲೆಪ್ಸಿ ಎನ್ನುತ್ತಾರೆ. ಸೆಕೆಂಡಿಗೆ ಸುಮಾರು 3ರಿಂದ 30 ಸಲ ಮಿನುಗುವ ಬೆಳಕು ಕಣ್ಣಿಗೆ ಬಿದ್ದಾಗ ಇಂಥವರ ಮಿದುಳಿನ ನರಕೋಶಗಳು ಒಟ್ಟೊಟ್ಟಿಗೆ, ಹತೋಟಿ ತಪ್ಪಿ ಕೆಲಸ ಮಾಡತೊಡಗುತ್ತವೆ. ಫಿಟ್ಸ್ ಅಂದರೆ ಅದೇ. ಮೂರ್ಛೆರೋಗ ಇರುವ 100 ಜನರಲ್ಲಿ ಸುಮಾರು 3 ಮಂದಿಗೆ ಮಾತ್ರ ಈ ಬಗೆಯದು ಇರುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಹೆಚ್ಚು. ಕಾಯಿಲೆ ಇದೆಯೆಂದೇ ಗೊತ್ತಿಲ್ಲದವರಿಗೂ ಬರಬಹುದು. 1997ರ ಡಿಸೆಂಬರ್ 16ರಂದು ಜಪಾನ್‌ನಲ್ಲಿ ‘ಪೋಕೆಮಾನ್’ನ ಒಂದು ಕಂತು ಪ್ರಸಾರವಾದಾಗ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿತು. ಸುಮಾರು 685 ಜನರನ್ನು, ಅದರಲ್ಲೂ ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರಲ್ಲಿ ಅನೇಕರಿಗೆ ಅದಕ್ಕೆ ಮೊದಲು ಫಿಟ್ಸ್ ಬಂದೇ ಇರಲಿಲ್ಲ.

ಇದರಲ್ಲಿ ಆಟಿಸಂ ಎಲ್ಲಿ ಬಂತು? ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎರಡೂ ಇರುವ ಮಕ್ಕಳಿದ್ದಾರೆ, ಅಂಥ ಮನೆಯವರು ಈ ಮೆಸೇಜನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಆದರೆ ಆಟಿಸಂ ಇರುವ ಹೆಚ್ಚಿನವರಿಗೆ ಮೂರ್ಛೆರೋಗ ಇರುವುದಿಲ್ಲ. ಆಟಿಸಂ ಇದೆ ಎಂಬ ಒಂದೇ ಕಾರಣಕ್ಕೆ ಫಿಟ್ಸ್ ಬರುತ್ತದೆ ಎನ್ನುವುದು ತಪ್ಪು.

ಅವರಲ್ಲಿ ಅನೇಕರಿಗೆ ಇರುವುದು ಇನ್ನೊಂದು ತೊಂದರೆ. ಬೆಳಕು, ಶಬ್ದ, ವಾಸನೆ, ಸ್ಪರ್ಶ ಇವೆಲ್ಲ ನಮಗಿಂತ ಹಲವು ಪಟ್ಟು ಜೋರಾಗಿ ತಟ್ಟುತ್ತವೆ. ಮದುವೆ ಮನೆಯಲ್ಲಿ ಓಲಗ, ಮೈಕು, ವಿಡಿಯೋದವರ ಲೈಟು ಎಲ್ಲ ಒಟ್ಟಿಗೆ ಸೇರಿದಾಗ ನಮಗೇ ತಲೆ ಚಿಟ್ಟು ಹಿಡಿಯುತ್ತದಲ್ಲ, ಅದು ಮುಗಿಯದೆ ಏರುತ್ತಲೇ ಹೋದರೆ ಹೇಗಿರುತ್ತದೆ ಎಂದುಕೊಳ್ಳಿ. ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಕಿರುಚುತ್ತದೆ, ಓಡಲು ನೋಡುತ್ತದೆ, ಕೆಲವೊಮ್ಮೆ ಮಾತೇ ನಿಂತುಹೋಗುತ್ತದೆ. ಪಕ್ಕದ ಸೀಟಿನವರು ಅದನ್ನು ಹಠ ಅಂದುಕೊಳ್ಳುತ್ತಾರೆ. ಅದು ಹಠವೂ ಅಲ್ಲ, ಫಿಟ್ಸೂ ಅಲ್ಲ. ಇನ್ನು ಕೆಲವು ಮಕ್ಕಳಿಗೆ ಮಿನುಗುವ ಬೆಳಕೆಂದರೇ ಪ್ರಾಣ, ಇದೂ ಆಟಿಸಂನಲ್ಲಿ ಸಾಮಾನ್ಯವೇ. ಹಾಗಾಗಿ ‘ಆಟಿಸಂ ಮಕ್ಕಳಿಗೆ’ ಎಂದು ಎಲ್ಲರಿಗೂ ಸೇರಿಸಿ ಬರೆದ ಯಾವ ಪಟ್ಟಿಯನ್ನೂ ನಾವು ನಂಬುವುದಿಲ್ಲ.

ತೊಂದರೆ ಎರಡಾದ್ದರಿಂದ ಪರಿಹಾರವೂ ಎರಡು. ಅಮೆರಿಕದಲ್ಲಿ ಎಎಂಸಿ ಚಿತ್ರಮಂದಿರಗಳು ಆಟಿಸಂ ಸೊಸೈಟಿಯ ಜೊತೆ ಸೇರಿ 2007ರಿಂದ ವಿಶೇಷ ಪ್ರದರ್ಶನಗಳನ್ನು ನಡೆಸುತ್ತಿವೆ. ಅಲ್ಲಿ ದೀಪ ಪೂರ್ತಿ ಆರಿಸುವುದಿಲ್ಲ, ಸೌಂಡ್ ತಗ್ಗಿಸುತ್ತಾರೆ, ಮಕ್ಕಳು ಎದ್ದು ಕುಣಿದರೂ ಯಾರೂ ಗದರಿಸುವುದಿಲ್ಲ. ಒಳ್ಳೆಯ ಏರ್ಪಾಡು. ಆದರೆ ಸೌಂಡ್ ತಗ್ಗಿಸಿದ ಮಾತ್ರಕ್ಕೆ ಪರದೆಯ ಮೇಲಿನ ಮಿನುಗು ಹೋಗುವುದಿಲ್ಲ. ಅತ್ತ ಬ್ರಿಟನ್‌ನಲ್ಲಿ ಮಿನುಗು ತಿದ್ದಿದ ಮಾತ್ರಕ್ಕೆ ಸಿನಿಮಾ ಶುರುವಿನಲ್ಲೇ ಬರುವ, ನೆಲ ಕೊರೆಯುವ ಯಂತ್ರದ ಅಬ್ಬರ ಕಡಿಮೆಯಾಗುವುದಿಲ್ಲ.

ಮಗುವಿಗೆ ಒಮ್ಮೆಯಾದರೂ ಫಿಟ್ಸ್ ಬಂದಿದ್ದರೆ, ಟಿವಿ ನೋಡುವಾಗ ದೃಷ್ಟಿ ನೆಟ್ಟು ಕೂಗಿದರೂ ಓಗೊಡದೆ ಇದ್ದರೆ, ಅಥವಾ ಕೈಕಾಲು ಅದುರಿದ್ದರೆ, ಮೊದಲು ನರರೋಗ ತಜ್ಞರನ್ನು ಕೇಳಿ. ಇಇಜಿ ಪರೀಕ್ಷೆಯಲ್ಲಿ ಬೆಳಕು ಮಿನುಗಿಸಿಯೂ ನೋಡುತ್ತಾರೆ. ನಮ್ಮ ರಾಜ್ಯದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಇಂಥ ಮಗುವಿಗೆ ಆ ದೃಶ್ಯ ತೋರಿಸುವುದು ಬೇಡ. ಮನೆಯಲ್ಲಿ ನೋಡುವ ಪ್ರತಿಯಲ್ಲಿ ಅದನ್ನು ತಿದ್ದಿರುತ್ತಾರೆ ಎಂದು ಅಂದುಕೊಳ್ಳಬೇಡಿ. ಎಲ್ಲಾದರೂ ಇದ್ದಕ್ಕಿದ್ದಂತೆ ಮಿನುಗು ಎದುರಾದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು. ಬರೀ ರೆಪ್ಪೆ ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ಒಳಗೆ ಹೋಗುತ್ತದೆ.

ಫಿಟ್ಸ್ ಬಂದೇಬಿಟ್ಟರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ, ಈರುಳ್ಳಿ ಮೂಸಿಸಬೇಡಿ. ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿಕೊಳ್ಳಿ. 5 ನಿಮಿಷ ದಾಟಿದರೆ, ಅಥವಾ ನಿಂತು ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ.

ಫಿಟ್ಸ್ ಇಲ್ಲದ, ಶಬ್ದ-ಬೆಳಕು ತಡೆಯದ ಮಗುವಾದರೆ ವಿಷಯ ಇಷ್ಟು ಬಿಗಿಯಲ್ಲ. ಸಿನಿಮಾ ಸುಮಾರು ಎರಡು ಗಂಟೆಯದು. ಮೊದಲು ನೀವೊಬ್ಬರೇ ನೋಡಿ, ಯಾವ ದೃಶ್ಯ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಕಥೆಯನ್ನು ಮುಂಚೆಯೇ ಹೇಳಿಬಿಡಿ. ಕೊನೆಯ ಭಾಗದಲ್ಲಿ ಅಪ್ಪ-ಅಮ್ಮನೇ ಖಳನ ಕನ್ನಡಕಕ್ಕೆ ಸಿಕ್ಕಿ ಬೇರೆಯವರಂತೆ ವರ್ತಿಸುತ್ತಾರೆ. ಮುಂದೇನಾಗುತ್ತದೆ ಎಂದು ಗೊತ್ತಿಲ್ಲದೆ ನೋಡಿದರೆ ಕೆಲವು ಮಕ್ಕಳಿಗೆ ಮಿನುಗಿಗಿಂತ ಅದೇ ಹೆಚ್ಚು ಭಯವಾಗಬಹುದು, ಆಮೇಲೆ ಮಕ್ಕಳೇ ಅವರನ್ನು ಬಿಡಿಸುತ್ತಾರೆ ಎಂದು ಹೇಳಿರಿ. ಕೋಣೆಯ ದೀಪ ಉರಿಯಲಿ, ಸೌಂಡ್ ಕಡಿಮೆ ಇರಲಿ, ಟಿವಿಯಿಂದ ದೂರ ಕೂರಿಸಿ, ರಿಮೋಟು ಮಗುವಿನ ಕೈಯಲ್ಲಿರಲಿ. ಪುಟಾಣಿ ಜಾಕ್-ಜಾಕ್ ಹಿತ್ತಲಲ್ಲಿ ರಕೂನ್ ಜೊತೆ ಜಗಳವಾಡುವ ದೃಶ್ಯ ಇಷ್ಟವಾಗಿ, ಅದೊಂದನ್ನೇ ಹತ್ತು ಸಲ ಹಾಕಿಕೊಂಡು ನೋಡಿ ಉಳಿದ ಸಿನಿಮಾ ಬೇಡ ಅಂದರೂ ಏನೂ ತೊಂದರೆಯಿಲ್ಲ.