ಹೆಪ್ಪುಗಟ್ಟಿದ ಕಡಲಿನ ಕಂಡಿಗಳು

ಗ್ರೀನ್‌ಲೆಂಡಿನ ವಾಯವ್ಯ ಕರಾವಳಿಗೂ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೂ ನಡುವೆ ಬ್ಯಾಫಿನ್ ಕೊಲ್ಲಿಯ ಉತ್ತರದ ತುದಿಯಿದೆ. ಚಳಿಗಾಲದಲ್ಲಿ ಅಲ್ಲಿ ಮೂರು ತಿಂಗಳಿಗೂ ಮಿಕ್ಕಿ ಸೂರ್ಯನ ಮುಖ ಕಾಣದು. ಗಾಳಿ ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯುವುದೂ ಉಂಟು. ಕಡಲು ಹೆಪ್ಪುಗಟ್ಟಿ ಬಿಳಿಯ ಬಯಲಾಗಿರುತ್ತದೆ. ಆ ಬಯಲಿನ ನಡುವೆ ಕರಿಯ ನೀರಿನ ಹರವೊಂದು ಕಾದ ಹಂಡೆಯಂತೆ ಹಬೆಯಾಡುತ್ತಿರುತ್ತದೆ. ಇಂಥ ಚಳಿಯಲ್ಲಿ ಆ ನೀರೊಂದೇ ಏಕೆ ಹೆಪ್ಪುಗಟ್ಟದು ಎಂದು ನೀವು ಕೇಳಬಹುದು. ಸೋಜಿಗವೆಂದರೆ, ಅದು ಬಿಡುವಿಲ್ಲದೆ ಹೆಪ್ಪುಗಟ್ಟುತ್ತಲೇ ಇರುತ್ತದೆ!

ಮಂಜುಗಡ್ಡೆಯ ಕಡಲು ಬಾಯ್ದೆರೆಯುವ ಬಗೆ ಎರಡು. ಗಾಳಿಯೂ ಪ್ರವಾಹವೂ ಎಳೆದಾಡಿದಾಗ ಗಡ್ಡೆಯ ಹಾಸು ಸೀಳಿ ಉದ್ದನೆಯ ಬಿರುಕಾಗುವುದು ಒಂದು. ಇದು ಅಲ್ಪಾಯು, ಚಳಿಗಾಲದಲ್ಲಿ ಕೆಲವು ಗಂಟೆಗಳಲ್ಲೇ ಮೇಲೆ ಪೊರೆ ಕಟ್ಟುತ್ತದೆ. ಇನ್ನೊಂದು, ವಾರಗಟ್ಟಲೆ, ತಿಂಗಳುಗಟ್ಟಲೆ ಮುಚ್ಚದೆ ನಿಲ್ಲುವ ವಿಶಾಲವಾದ ತೆರಪು. ಇದಕ್ಕೆ ರಷ್ಯನ್ನರ ಮಾತಿನಲ್ಲಿ ‘ಪೊಲಿನ್ಯಾ’ ಎಂದು ಹೆಸರು. ವಿಜ್ಞಾನಿಗಳೂ ಅದನ್ನೇ ಬಳಸುತ್ತಾರೆ. ಬೇಲಿಯಲ್ಲೋ ಗೋಡೆಯಲ್ಲೋ ಇರುವ ತೆರಪಿಗೆ ನಾವು ‘ಕಂಡಿ’ ಎನ್ನುತ್ತೇವಲ್ಲ, ಆ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆಂದು ನನ್ನ ಎಣಿಕೆ.

ಬ್ಯಾಫಿನ್ ಕೊಲ್ಲಿಯ ಕಂಡಿ ಮುಖ್ಯವಾಗಿ ಗಾಳಿಯ ಕೆಲಸ. ಕಡಲ ನೀರು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ ಗಡ್ಡೆಕಟ್ಟುತ್ತದೆ. ಎಳೆಯ ಗಡ್ಡೆ ಮೂಡಿದಂತೆಲ್ಲ ಬಡಗಣ ಗಾಳಿ ಅದನ್ನು ತೆಂಕಣಕ್ಕೆ ತಳ್ಳಿಬಿಡುತ್ತದೆ; ಬರಿದಾದ ನೀರಿನಲ್ಲಿ ಮತ್ತೆ ಗಡ್ಡೆ ಮೂಡುತ್ತದೆ. ಹಾಗೆ ಮೂಡುವಾಗ ನೀರು ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಇದು ಅಲ್ಪವೆಂದು ಎಣಿಸಬೇಡಿ. ಒಂದು ಲೀಟರ್ ಸಿಹಿನೀರು ಗಡ್ಡೆಯಾಗುವಾಗ ಬಿಡುವ ಶಾಖದಿಂದ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು!

ಆದರೆ ಉತ್ತರ ಧ್ರುವಸಾಗರದಿಂದ ತೇಲಿಬರುವ ಹಳೆಯ ದಪ್ಪ ಗಡ್ಡೆಗಳು ಈ ಕಂಡಿಯನ್ನು ತುಂಬಿಬಿಡಬೇಕಷ್ಟೆ? ಅವು ಬರುವ ದಾರಿ ನೇರ್ಸ್ ಜಲಸಂಧಿ. ಆ ಇಕ್ಕಟ್ಟಿನಲ್ಲಿ ಗಡ್ಡೆಗಳು ಒಂದನ್ನೊಂದು ಒತ್ತಿ, ಕಮಾನಿನ ಕಲ್ಲುಗಳಂತೆ ದಡದಿಂದ ದಡಕ್ಕೆ ಬಿಗಿದು ನಿಲ್ಲುತ್ತವೆ. ಈ ಹಿಮಸೇತುವೆ ಹಿಂದಿನ ಗಡ್ಡೆಗಳನ್ನು ತಡೆದರೆ ಮಾತ್ರ ಕೆಳಗಿನ ನೀರು ತೆರೆದಿರುತ್ತದೆ. ಗಡ್ಡೆಯೇ ನೀರನ್ನು ಕಾಯುವ ಬಾಗಿಲು!

ಗಡ್ಡೆಕಟ್ಟುವಾಗ ಉಪ್ಪಿನ ಬಹುಪಾಲು ಹೊರಕ್ಕೆ ತಳ್ಳಲ್ಪಡುತ್ತದೆ. ಉಪ್ಪು ಹೆಚ್ಚಿದ ತಣ್ಣೀರು ಭಾರವಾಗಿ ಮುಳುಗುತ್ತದೆ. ದಕ್ಷಿಣ ಧ್ರುವದ ಅಂಟಾರ್ಕ್ಟಿಕ ಖಂಡದಲ್ಲಿ ಒಳನಾಡಿನ ಹಿಮಪ್ರಸ್ಥದಿಂದ ಇಳಿದು ಬೀಸುವ ಬಿರುಗಾಳಿಗಳು ತೀರದುದ್ದಕ್ಕೂ ಇಂಥ ಕಂಡಿಗಳನ್ನು ತೆರೆಯುತ್ತವೆ. ಅಲ್ಲಿ ಮುಳುಗಿದ ನೀರು ತಳದಲ್ಲೇ ಹರಿದು ನಮ್ಮ ಹಿಂದೂ ಮಹಾಸಾಗರದ ಆಳಕ್ಕೂ ಬಂದು ಸೇರುತ್ತದೆ.

ಗಾಳಿಯಿಲ್ಲದೆ ಕೆಳಗಿನ ಶಾಖದಿಂದ ತೆರೆಯುವ ಕಂಡಿಗಳೂ ಉಂಟು. 1974ರಿಂದ 1976ರವರೆಗೆ ಮೂರು ಚಳಿಗಾಲಗಳಲ್ಲಿ, ದಡದಿಂದ ಬಹುದೂರ, ದಕ್ಷಿಣದ ವೆಡೆಲ್ ಸಮುದ್ರದ ಗಡ್ಡೆಯ ನಡುವೆ ಸುಮಾರು 2,50,000 ಚದರ ಕಿಲೋಮೀಟರ್ ನೀರು ಬಯಲಾದುದನ್ನು ಉಪಗ್ರಹ ಕಂಡಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿದ ದ್ವೀಪಕ್ಕಿಂತ ಇದು ದೊಡ್ಡದು. ಅಲ್ಲಿ ಮೇಲಿನ ನೀರಿಗಿಂತ ಆಳದ ನೀರು ಬೆಚ್ಚಗೆ. (ನಮ್ಮ ಲೆಕ್ಕದ ಬೆಚ್ಚಗಲ್ಲ, ಸೊನ್ನೆಗಿಂತ ತುಸು ಮೇಲೆ, ಅಷ್ಟೆ.) ಉಪ್ಪು ಹೆಚ್ಚಾದ್ದರಿಂದ ಅದು ಭಾರವಾಗಿ ಕೆಳಗೇ ಉಳಿಯುತ್ತದೆ. ಹೇಗಾದರೂ ಮೇಲಿನ ನೀರಿಗೂ ಉಪ್ಪು ಕೂಡಿತೋ, ಮೇಲು ಕೆಳಗಾಗಿ ಶಾಖವೆಲ್ಲ ಮೇಲಕ್ಕೇರುತ್ತದೆ. ನಾಲ್ಕು ದಶಕಗಳ ಬಳಿಕ, 2016 ಮತ್ತು 2017ರಲ್ಲಿ, ಅಲ್ಲಿನ ಮಾಡ್ ರೈಸ್ ಎಂಬ ಕಡಲೊಳಗಿನ ಬೆಟ್ಟದ ಮೇಲೆ ಕಂಡಿ ಮತ್ತೆ ತೆರೆಯಿತು, ಮೊದಲಿನಷ್ಟು ದೊಡ್ಡದಲ್ಲ. ತೇಲುವ ಯಂತ್ರಗಳೂ ತಲೆಗೆ ಉಪಕರಣ ಅಂಟಿಸಿಕೊಂಡ ಸೀಲ್ ಪ್ರಾಣಿಗಳೂ ಅಲ್ಲಿನ ನೀರಿನ ಉಪ್ಪನ್ನೂ ಶಾಖವನ್ನೂ ಅಳೆದು ತಿಳಿಸಿದವು. ಬಿರುಗಾಳಿಗಳು ಕಡಲನ್ನು ಕಲಕಿದ್ದೂ ಬೆಟ್ಟದ ಸುತ್ತಣ ಪ್ರವಾಹಗಳು ಉಪ್ಪು ತಂದದ್ದೂ ಕೂಡಿ ಹೀಗಾಯಿತೆಂದು ವಿವರಿಸಿದ್ದಾರೆ.

ಬ್ಯಾಫಿನ್ ಕೊಲ್ಲಿಯ ಕಂಡಿಗೆ ಇನ್ಯೂಟ್ ಜನ ‘ಪಿಕಿಯಾಲಸೊರ್ಸುವಾಕ್’ ಎನ್ನುತ್ತಾರೆ. ನೀರು ಮೇಲೆ ಉಕ್ಕುವ ಮಹಾಸ್ಥಳವೆಂದು ಅರ್ಥ. ವಸಂತದ ಬೆಳಕು ಬೇರೆಡೆಗಿಂತ ಮೊದಲು ಇಲ್ಲಿನ ನೀರಿಗಿಳಿದು ಸೂಕ್ಷ್ಮಸಸ್ಯಗಳನ್ನು ಚಿಗುರಿಸುತ್ತದೆ. ಅವನ್ನು ತಿನ್ನುವ ಪುಟ್ಟ ಜೀವಿಗಳು, ಆ ಜೀವಿಗಳಿಗಾಗಿ ಬರುವ ಲಿಟಲ್ ಆಕ್ ಹಕ್ಕಿಗಳು ಕೋಟಿಗಟ್ಟಲೆ. ವಾಲ್ರಸ್, ಬೆಲೂಗ, ನಾರ್ವಾಲ್‌ಗಳಿಗೆ ಉಸಿರಾಡಲೂ ತೆರೆದ ನೀರು ಬೇಕು. ಸಾವಿರಾರು ವರ್ಷಗಳಿಂದ ಬೇಟೆಯ ಜನ ಈ ದಡಗಳಲ್ಲಿ ಬಾಳಿದ್ದಾರೆ.

2007ರ ಚಳಿಗಾಲದಲ್ಲಿ ಹಿಮಸೇತುವೆ ಕಟ್ಟಲೇ ಇಲ್ಲ. ಧ್ರುವಸಾಗರದ ಗಡ್ಡೆ ತೆಳುವಾದಂತೆ ಕಮಾನಿಗೆ ಗಟ್ಟಿ ಕಲ್ಲುಗಳು ಸಿಗುವುದು ಕಷ್ಟ. ಭೂಮಿ ಬೆಚ್ಚಗಾದರೆ ತೆರೆದ ನೀರು ಹೆಚ್ಚುವುದೆಂದು ನಾವು ಎಣಿಸುತ್ತೇವೆ. ಇಲ್ಲಿಯೋ, ಬಾಗಿಲು ಮುರಿದು ತೇಲುಗಡ್ಡೆಗಳು ನುಗ್ಗಿ ಬರುತ್ತವೆ. ಕೆನಡಾ ಮತ್ತು ಗ್ರೀನ್‌ಲೆಂಡಿನ ಇನ್ಯೂಟರು 2016ರಲ್ಲಿ ಒಂದು ಆಯೋಗವನ್ನು ರಚಿಸಿಕೊಂಡು ಎರಡೂ ದಡದ ಊರುಗಳ ಬೇಟೆಗಾರರ ಮಾತು ಕೇಳಿದರು. ಮರುವರ್ಷ ಪ್ರಕಟವಾದ ವರದಿಯಲ್ಲಿ ಈ ಕಡಲಿನ ಮೇಲ್ವಿಚಾರಣೆ ತಮ್ಮ ನೇತೃತ್ವದಲ್ಲೇ ನಡೆಯಬೇಕೆಂದು ಕೇಳಿದ್ದಾರೆ. ವರದಿಗೆ ಅವರಿಟ್ಟ ಹೆಸರಿನಲ್ಲಿ ತಮ್ಮನ್ನು ಹಿಮಸೇತುವೆಯ ಜನವೆಂದೇ ಕರೆದುಕೊಂಡಿದ್ದಾರೆ.