ಹಲವು ಹೊತ್ತಗೆಗಳ ನಡುವೆ ಆಯ್ಕೆಯ ವಿವೇಕ

ಒಂದು ಕಾಲದಲ್ಲಿ ಗ್ರಾಮಾಂತರದ ವಿದ್ಯಾರ್ಥಿಯ ಮುಂದಿದ್ದ ಪ್ರಶ್ನೆ ‘ಪುಸ್ತಕ ಎಲ್ಲಿ ಸಿಕ್ಕೀತು?’ ಎಂಬುದು. ಇಂದು ಅವನ ಮುಂದಿರುವ ಪ್ರಶ್ನೆ ‘ಇಷ್ಟರಲ್ಲಿ ಯಾವುದನ್ನು ಓದಲಿ?’ ಎಂಬುದು. ವಚನ ಸಾಹಿತ್ಯವೊಂದನ್ನೇ ನೋಡಿದರೂ ಈ ಬದಲಾವಣೆ ಸ್ಪಷ್ಟವಾಗುತ್ತದೆ. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಹುಡುಕಿ, ನಕಲು ಮಾಡಿ, ಹೋಲಿಸಿ ನೋಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅದಾದ 70 ವರ್ಷಗಳಿಗೆ, 1993ರಲ್ಲಿ, ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅಂದು ಓಲೆಗರಿಗಾಗಿ ಊರೂರು ಅಲೆಯಬೇಕಾಗಿತ್ತು. ಇಂದು ಕಪಾಟಿನ ಮುಂದೆ ನಿಂತವನಿಗೆ ಮೊದಲು ಯಾವ ಸಂಪುಟಕ್ಕೆ ಕೈ ಹಾಕಬೇಕೆಂಬುದೇ ತಿಳಿಯದು. ಅಭಾವ ನೀಗಿತು, ಗೊಂದಲ ಉಳಿಯಿತು. ಆ ಗೊಂದಲವನ್ನು ಕಳೆಯುವ ವಿದ್ಯೆಗೆ ಆಯ್ಕೆಯ ವಿವೇಕವೆಂದು ಹೆಸರು. ಅದನ್ನು ಕಲಿಸುವುದು ಶಾಲೆಯ ಕರ್ತವ್ಯಗಳಲ್ಲಿ ಒಂದೆಂಬುದು ಈ ಲೇಖನದ ಅಭಿಪ್ರಾಯ.

ನಮ್ಮ ನಾಡಿಗೆ ಈ ವಿಚಾರ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವಾಚಾರ್ಯರ ವಿದ್ಯಾಕೇಂದ್ರವಾಗಿತ್ತು. ಕ್ರಿ. ಶ. 1162ರ ಶಾಸನವೊಂದು ಅಲ್ಲಿ ನಡೆಯುತ್ತಿದ್ದ ಅಧ್ಯಯನವನ್ನು ವಿವರವಾಗಿ ಹೇಳುತ್ತದೆ: ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಲ ಸಿದ್ಧಾಂತ, ಪತಂಜಲಿಯ ಯೋಗಶಾಸ್ತ್ರ, 18 ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದ ಸ್ಥಳವೂ ಅದೇ ಎಂದು ಆ ಶಾಸನ ತಿಳಿಸುತ್ತದೆ.

ಈ ಪಟ್ಟಿಯನ್ನು ಓದಿ ಹೆಮ್ಮೆಪಟ್ಟು ಸುಮ್ಮನಾದರೆ ಸಾಲದು. ಲಾಕುಲ ಸಿದ್ಧಾಂತವು ಆ ಮಠದ ಸ್ವಂತ ಸಿದ್ಧಾಂತ. ಬೌದ್ಧ ದರ್ಶನವಾದರೋ ಅದರ ಪ್ರತಿಪಕ್ಷ. ಶಾಕಟಾಯನ ವ್ಯಾಕರಣವು ಜೈನ ವಿದ್ವಾಂಸರ ಪರಂಪರೆಯದು. ಹೀಗಿದ್ದೂ ಇವೆಲ್ಲವೂ ಒಂದೇ ಸೂರಿನಡಿ ವ್ಯಾಖ್ಯಾನಕ್ಕೆ ಅರ್ಹವಾಗಿದ್ದವು. ತನ್ನ ಮತವನ್ನು ಬಲ್ಲವನು ಪರಮತದ ಗ್ರಂಥಕ್ಕೆ ಅಂಜಬೇಕಾಗಿಲ್ಲವೆಂಬ ಧೈರ್ಯ ಅಲ್ಲಿತ್ತು. ಇದೇ ಪಟ್ಟಿಯಲ್ಲಿ ಇನ್ನೊಂದು ಗುಣವೂ ಉಂಟು. ವಿಷಯಗಳು ರಾಶಿಯಾಗಿ ಬಿದ್ದಿಲ್ಲ; ವ್ಯಾಕರಣಕ್ಕೆ ವ್ಯಾಕರಣ, ದರ್ಶನಕ್ಕೆ ದರ್ಶನ ಎಂದು ವಿಂಗಡಣೆಗೊಂಡಿವೆ. ವೈವಿಧ್ಯ ಮತ್ತು ವಿಂಗಡಣೆ, ಇವೆರಡೂ ಕೂಡಿದಲ್ಲಿ ಮಾತ್ರ ಆಯ್ಕೆಗೆ ಅವಕಾಶ. ವೈವಿಧ್ಯವಿಲ್ಲದಿದ್ದರೆ ಆಯುವುದಕ್ಕೆ ಏನೂ ಇರದು; ವಿಂಗಡಣೆಯಿಲ್ಲದಿದ್ದರೆ ಆಯುವ ಬಗೆ ತಿಳಿಯದು.

ಆಯ್ಕೆಯ ಮೊದಲ ಸೂತ್ರವು ಸರಳವಾದುದು: ಮೊದಲು ಪ್ರಶ್ನೆ, ಅನಂತರ ಪುಸ್ತಕ. ಇದನ್ನು ನಮ್ಮ ನೆಲದ ಉದಾಹರಣೆಯಿಂದಲೇ ಪರಿಶೀಲಿಸಬಹುದು. ಅಲ್ಲಮಪ್ರಭುವಿನ ಜನ್ಮಸ್ಥಳ ಬಳ್ಳಿಗಾವಿ ಎಂದೂ ಅಕ್ಕಮಹಾದೇವಿಯ ಜನ್ಮಸ್ಥಳ ಅದೇ ತಾಲ್ಲೂಕಿನ ಉಡುತಡಿ ಎಂದೂ ಪರಂಪರೆ ಹೇಳುತ್ತದೆ. ಇವರಿಬ್ಬರನ್ನು ಕುರಿತು ಪ್ರಬಂಧ ಬರೆಯಬೇಕೆಂದು ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಗ್ರಂಥಾಲಯಕ್ಕೆ ಬಂದಳೆಂದು ಭಾವಿಸೋಣ. ಅವಳಿಗೆ ಎದುರಾಗುವ ಪುಸ್ತಕಗಳು ಒಂದೇ ಬಗೆಯವಲ್ಲ.

ಅಕ್ಕನ ಮಾತನ್ನು ಅಕ್ಕನ ಬಾಯಿಂದಲೇ ಕೇಳಬೇಕೆಂಬುದು ಅವಳ ಇಚ್ಛೆಯಾದರೆ ವಚನಗಳ ಸಂಕಲನ ಬೇಕು. ಮೊದಲ ಓದಿಗೆ ಅರ್ಥಸಹಿತವಾದ ಚಿಕ್ಕ ಸಂಕಲನ ಸಾಕು. ಮುಂದೆ ಶಿವಶರಣೆಯರ ವಚನಗಳಿಗೇ ಮೀಸಲಾದ ಸಮಗ್ರ ವಚನ ಸಂಪುಟದ ಐದನೆಯ ಸಂಪುಟವಿದೆ. ಅಕ್ಕನಿಗೂ ಅಲ್ಲಮನಿಗೂ ಕಲ್ಯಾಣದಲ್ಲಿ ನಡೆದ ಸಂವಾದವನ್ನು ಅರಿಯಬೇಕಾದರೆ ‘ಶೂನ್ಯಸಂಪಾದನೆ’ಯ ಬಳಿಗೆ ಹೋಗಬೇಕು. ಅದು ವಚನಗಳನ್ನು ಸಂಭಾಷಣೆಯ ರೂಪದಲ್ಲಿ ಹೆಣೆದ ಗ್ರಂಥ. ನಾಲ್ವರು ಸಂಪಾದಕರ ನಾಲ್ಕು ಪರಿಷ್ಕರಣಗಳು ಪ್ರಸಿದ್ಧವಾಗಿವೆ. ಆದುದರಿಂದ ಕೈಯಲ್ಲಿರುವುದು ಶಿವಗಣಪ್ರಸಾದಿ ಮಹಾದೇವಯ್ಯನದೋ ಗೂಳೂರ ಸಿದ್ಧವೀರಣ್ಣನದೋ ಎಂಬುದನ್ನು ಮೊದಲ ಪುಟದಲ್ಲಿಯೇ ನೋಡಿಕೊಳ್ಳಬೇಕು.

ಇನ್ನು ಜೀವನಚರಿತ್ರೆ ಬೇಕೆಂದಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಪ್ರೀತಿಸಿ ವರಿಸುತ್ತಾನೆ. ಅವಳ ಸಾವಿನ ದುಃಖದಲ್ಲಿ ಅಲೆಯುತ್ತಿರುವಾಗ ಅನಿಮಿಷಯ್ಯನಿಂದ ಅವನಿಗೆ ಲಿಂಗ ದೊರೆಯುತ್ತದೆ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನು ಮಾಯೆಗೆ ಎಂದೂ ಸೋಲದ ನಿತ್ಯಮುಕ್ತ, ಬನವಸೆಯಲ್ಲಿ ಮಮಕಾರ ರಾಜನ ಮಗಳಾಗಿ ಹುಟ್ಟಿ ಬಂದ ಮಾಯೆಯೇ ಅವನೆದುರು ಸೋಲುತ್ತಾಳೆ. ಅಕ್ಕನ ವಿಷಯದಲ್ಲಿಯೂ ಇಂತಹುದೇ ಭೇದವುಂಟು. ಹರಿಹರನು ಕೌಶಿಕನೊಡನೆ ವಿವಾಹವಾಯಿತೆನ್ನುತ್ತಾನೆ. ಚಾಮರಸನಲ್ಲಿ ವಿವಾಹ ನಡೆಯುವುದಿಲ್ಲ.

ಇಂತಹ ಸಂದರ್ಭದಲ್ಲಿ ಅಧ್ಯಾಪಕರಾದವರು ಏನು ಮಾಡಬೇಕು? ಎರಡರಲ್ಲಿ ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ಮಾತ್ರ ಮಕ್ಕಳ ಕೈಗೆ ಕೊಡುವುದು ಸುಲಭವಾದ ಮಾರ್ಗ. ಕಮಲತೆಯ ಕಥೆಯಿಂದ ಪ್ರಭುವಿನ ಘನತೆಗೆ ಕುಂದೊದಗೀತೆಂಬ ಸಂಕೋಚ ಸದ್ಭಾವನೆಯಿಂದಲೇ ಹುಟ್ಟಿದ್ದಿರಬಹುದು. ಆದರೆ ಹರಿಹರನೂ ಶಿವಶರಣರ ಚರಿತೆಯನ್ನು ಹಾಡುವುದಕ್ಕಾಗಿಯೇ ಬಾಳಿದ ಭಕ್ತಕವಿ ಎಂಬುದನ್ನು ಮರೆಯಲಾಗದು. ಮನುಷ್ಯನಾಗಿ ನೊಂದವನು ಅರಿವಿನ ಶಿಖರಕ್ಕೇರಿದ ಬಗೆಯನ್ನು ಹರಿಹರ ಕಂಡನು. ಆ ಅರಿವನ್ನೇ ಮೂಲಸ್ವರೂಪವಾಗಿ ಚಾಮರಸ ಕಂಡನು. ಒಂದನ್ನು ಮಾತ್ರ ಓದಿದ ವಿದ್ಯಾರ್ಥಿನಿಗೆ ಒಂದು ಕಥೆ ತಿಳಿಯುತ್ತದೆ. ಎರಡನ್ನೂ ಓದಿದವಳಿಗೆ ಕಾವ್ಯವೆಂದರೇನು, ಚರಿತ್ರೆಯೆಂದರೇನು, ಕವಿಯ ದೃಷ್ಟಿಯೆಂದರೇನು ಎಂಬುದು ತಿಳಿಯತೊಡಗುತ್ತದೆ. ನಾಳೆ ಹೊರಗಿನ ಲೋಕದಲ್ಲಿ ಯಾರೋ ಎರಡನೆಯ ಕಥೆಯನ್ನು ಹೇಳಿದಾಗ ಅವಳ ಶ್ರದ್ಧೆ ಅಲುಗದು. ಬಚ್ಚಿಟ್ಟ ಪುಸ್ತಕವು ಒಂದಲ್ಲ ಒಂದು ದಿನ ಸಿಕ್ಕಿಯೇ ಸಿಗುತ್ತದೆ. ಆಗ ಅವಳು ಸಂಶಯಪಡುವುದು ಪುಸ್ತಕವನ್ನಲ್ಲ, ಅದನ್ನು ಬಚ್ಚಿಟ್ಟ ಗುರುವನ್ನು.

ಪ್ರಶ್ನೆ ನಿಶ್ಚಯವಾದ ಮೇಲೆ ಪುಸ್ತಕವನ್ನು ಪರೀಕ್ಷಿಸುವ ಕ್ರಮ ಬರುತ್ತದೆ. ಐದು ನಿಮಿಷಗಳಲ್ಲಿ ಆಗುವ ಈ ಕೆಲಸವನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಅಭ್ಯಾಸ ಮಾಡಿಸಬಹುದು. ಹೊದಿಕೆಯ ಚಿತ್ರವನ್ನು ಬಿಟ್ಟು ಒಳಪುಟಕ್ಕೆ ಬರಬೇಕು. ಲೇಖಕರು ಯಾರು, ಮೊದಲ ಮುದ್ರಣ ಯಾವ ವರ್ಷದ್ದು, ಪರಿಷ್ಕೃತವೋ ಬರಿಯ ಮರುಮುದ್ರಣವೋ ಎಂಬುದನ್ನು ನೋಡಬೇಕು. ಮುನ್ನುಡಿಯಲ್ಲಿ ಲೇಖಕರು ಯಾರನ್ನು ಉದ್ದೇಶಿಸಿ ಬರೆದಿದ್ದಾರೆಂಬುದು ತಿಳಿಯುತ್ತದೆ. ಪರಿವಿಡಿಯಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಅಧ್ಯಾಯವುಂಟೇ ಎಂದು ಹುಡುಕಬೇಕು. ಕೊನೆಗೆ ಗ್ರಂಥದ ನಡುವಿನ ಒಂದು ಪುಟವನ್ನು ನಿಧಾನವಾಗಿ ಓದಿ ನೋಡಬೇಕು. ಆ ಪುಟದ ಬಹುಪಾಲು ಅರ್ಥವಾದರೆ ಪುಸ್ತಕ ಕೈಗೆಟುಕುವಂತಹುದು; ಏನೂ ಅರ್ಥವಾಗದಿದ್ದರೆ ಅದು ಕೆಟ್ಟ ಪುಸ್ತಕವೆಂದಲ್ಲ, ಅದರ ಕಾಲ ಇನ್ನೂ ಬಂದಿಲ್ಲವೆಂದರ್ಥ.

ಮುದ್ರಣದ ವರ್ಷವನ್ನು ನೋಡುವುದು ಕೇವಲ ಶಿಷ್ಟಾಚಾರವಲ್ಲ. 2006ಕ್ಕಿಂತ ಹಿಂದಿನ ಖಗೋಳ ಪುಸ್ತಕದಲ್ಲಿ ಒಂಬತ್ತು ಗ್ರಹಗಳಿರುತ್ತವೆ. ಆ ವರ್ಷ ಪ್ಲೂಟೋವನ್ನು ಕುಬ್ಜಗ್ರಹವೆಂದು ಬೇರೆ ಎಣಿಸಿದ ಮೇಲೆ ಎಂಟು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಜೊತೆಗೆ ಹೊನ್ನಾಳಿ, ಚನ್ನಗಿರಿಗಳೂ ಶಿವಮೊಗ್ಗ ಜಿಲ್ಲೆಯಲ್ಲಿವೆ, 1997ರಲ್ಲಿ ಆ ಎರಡು ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿದವು. ಸೊರಬದ ಶಾಸನಗಳನ್ನು ಹುಡುಕುವವರು ಎಂಟನೆಯ ಸಂಪುಟವನ್ನು (1904) ತೆರೆಯಬೇಕು. ಹಳೆಯ ಪುಸ್ತಕವು ಹಳೆಯದಾದ ಮಾತ್ರಕ್ಕೆ ನಿರುಪಯುಕ್ತವಲ್ಲ. ಕುಬಟೂರಿನ ಕೈಟಭೇಶ್ವರ ದೇವಾಲಯವನ್ನೋ ಅಲ್ಲಿನ ಜೈನ ಬಸದಿಯನ್ನೋ ಅಭ್ಯಸಿಸುವವರಿಗೆ ರೈಸ್ ಅವರ ಸಂಪುಟ ಇಂದಿಗೂ ಆಧಾರ. ಆದರೆ ಶಾಸನಪಾಠಕ್ಕೆ ಆ ಪುಸ್ತಕ, ಇಂದಿನ ಭೂಗೋಳಕ್ಕೆ ಬೇರೆ ಪುಸ್ತಕ ಎಂಬ ಭೇದ ತಿಳಿದಿರಬೇಕು.

ಎಲ್ಲ ಪುಸ್ತಕಗಳನ್ನೂ ಆದ್ಯಂತವಾಗಿ ಓದಬೇಕೆಂಬ ಭಯವೂ ಅನೇಕ ಮಕ್ಕಳನ್ನು ಗ್ರಂಥಾಲಯದಿಂದ ದೂರವಿಟ್ಟಿದೆ. ಕೆಳದಿಯ ಬಸವಪ್ಪನಾಯಕನು 18ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಹಲವು ವಿದ್ಯೆಗಳನ್ನು ಒಳಗೊಂಡ ಸಂಸ್ಕೃತ ವಿಶ್ವಕೋಶ. ಅದನ್ನು ಕಲ್ಲೋಲ, ತರಂಗಗಳೆಂದು ವಿಭಾಗಿಸಿರುವುದರಿಂದ ಓದುಗನು ತನಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಯಾರೂ ಕಥೆಯಂತೆ ಓದುವುದಿಲ್ಲ. ಬೇಕಾದ ಪದವನ್ನು ಕಂಡು ಮುಚ್ಚಿಡುತ್ತಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅಂತಹುದಲ್ಲ. ಅದನ್ನು ಮೊದಲಿನಿಂದ ಕೊನೆಯವರೆಗೆ, ಅವಸರವಿಲ್ಲದೆ ಓದಬೇಕು. ಓದಬೇಕಾದುದು, ಅಲ್ಲಲ್ಲಿ ನೋಡಬೇಕಾದುದು, ಮತ್ತೆ ಮತ್ತೆ ಓದಿ ಮನನ ಮಾಡಬೇಕಾದುದು ಎಂಬ ಮೂರು ವಿಧಗಳನ್ನು ಅರಿತರೆ ದಪ್ಪ ಪುಸ್ತಕದ ಅಂಜಿಕೆ ತಾನಾಗಿ ಹೋಗುತ್ತದೆ.

ನಮ್ಮ ತಾಲ್ಲೂಕುಗಳ ಹೆಚ್ಚಿನ ಮಕ್ಕಳು ಗದ್ದೆ, ತೋಟಗಳ ಮನೆಗಳಿಂದ ಬರುತ್ತಾರೆ. ಬಿತ್ತನೆಯ ಬೀಜವನ್ನು ಆರಿಸುವಾಗ ನೆಲ ಯಾವುದು, ನೀರು ಎಷ್ಟು, ಕಾಲ ಯಾವುದು ಎಂದು ಅವರ ತಂದೆತಾಯಿಗಳು ಮೂರು ಬಾರಿ ಯೋಚಿಸುತ್ತಾರೆ. ಆ ವಿವೇಚನೆ ಮಕ್ಕಳಲ್ಲಿ ಇಲ್ಲವೆಂದಲ್ಲ. ಪುಸ್ತಕದ ವಿಷಯದಲ್ಲಿ ಅದನ್ನು ಬಳಸುವ ಅವಕಾಶ ಅವರಿಗೆ ದೊರೆತಿಲ್ಲ. ಪಠ್ಯಪುಸ್ತಕವನ್ನು ಸರ್ಕಾರ ಆರಿಸುತ್ತದೆ, ಗೈಡನ್ನು ಅಂಗಡಿಯವನು ಆರಿಸುತ್ತಾನೆ, ಕೈಯಲ್ಲಿರುವ ಮೊಬೈಲಿನಲ್ಲಿ ಬರುವುದನ್ನು ಯಾರು ಆರಿಸುತ್ತಾರೋ ತಿಳಿಯದು. ಹತ್ತು ವರ್ಷ ಶಾಲೆಯಲ್ಲಿದ್ದೂ ಒಂದೇ ಒಂದು ಪುಸ್ತಕವನ್ನು ತಾನಾಗಿ ಆರಿಸಿಕೊಳ್ಳದೆ ಹೊರಬಿದ್ದ ವಿದ್ಯಾರ್ಥಿಗೆ ಅಕ್ಷರ ಬಂದಿದೆ. ಅಕ್ಷರದ ಸ್ವಾತಂತ್ರ್ಯ ಬಂದಿಲ್ಲ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ವಾರಕ್ಕೊಂದು ಅವಧಿ ಕಪಾಟಿನ ಬೀಗ ತೆರೆದಿರಲಿ. ಪುಸ್ತಕವನ್ನು ಕೊಡುವಾಗ ‘ಇದನ್ನು ಓದು’ ಎನ್ನುವುದಕ್ಕಿಂತ ‘ನಿನಗೆ ಏನು ತಿಳಿಯಬೇಕಾಗಿದೆ?’ ಎಂದು ಕೇಳುವುದು ಲೇಸು. ಆರಿಸಿದ ಪುಸ್ತಕ ರುಚಿಸದಿದ್ದರೆ ಮಗುವು ನಾಚಿಕೆಯಿಲ್ಲದೆ ಹಿಂದಿರುಗಿಸುವಂತಿರಬೇಕು. ಪುಸ್ತಕ ಹರಿದೀತೆಂಬ ಭಯದಿಂದ ಬೀಗ ಹಾಕುವುದಕ್ಕಿಂತ ಹರಿದುದನ್ನು ಹೊಲಿಸುವುದು ಮೇಲು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಡಾ. ಎಸ್. ಆರ್. ರಂಗನಾಥನ್ ಅವರು ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1931ರಲ್ಲಿ ಅವರು ಪ್ರತಿಪಾದಿಸಿದ ಐದು ಸೂತ್ರಗಳ ತಾತ್ಪರ್ಯವೂ ಇದೇ: ಗ್ರಂಥದ ಸಾರ್ಥಕತೆಯು ಅದರ ಬಳಕೆಯಲ್ಲಿದೆ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಮತ್ತೊಂದು ವಿನಂತಿ. ಮನೆಯಲ್ಲಿ ಜಾಗ ಸಾಲದೆಂದು ಕಳುಹಿಸಿದ ಹಳೆಯ ಪಠ್ಯಪುಸ್ತಕಗಳ ಕಟ್ಟಿನಿಂದ ಗ್ರಂಥಾಲಯದ ಸಂಖ್ಯೆ ಬೆಳೆಯುತ್ತದೆ, ಸತ್ತ್ವ ಬೆಳೆಯುವುದಿಲ್ಲ. ಶಾಲೆಯಿಂದ ಬೇಕಾದ ಪುಸ್ತಕಗಳ ಪಟ್ಟಿಯನ್ನು ಪಡೆದು, ಅದರಲ್ಲಿ ಹತ್ತನ್ನೇ ಕೊಡಿ. ಮಕ್ಕಳು ಹೆಚ್ಚು ಕೇಳುವ ಪುಸ್ತಕದ ಎರಡು ಪ್ರತಿಗಳನ್ನು ಕೊಡಿ. ಒಂದು ನಿಘಂಟು, ಒಂದು ಭೂಪಟ, ರಟ್ಟು ಕಟ್ಟಿಸುವ ವೆಚ್ಚ, ಇವೂ ಶ್ರೇಷ್ಠ ದಾನಗಳೇ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ ‘ಅರಿವು ಕೇಂದ್ರ’ಗಳೆಂದು ಹೆಸರಾದ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಕಡೆಗೂ ನಿಮ್ಮ ಗಮನವಿರಲಿ, ಶಾಲೆ ಬಿಟ್ಟ ಮೇಲೆ ಓದು ಮುಂದುವರಿಯಬೇಕಾದುದು ಅಲ್ಲಿಯೇ.

ಕೋಡಿಯ ಮಠದಲ್ಲಿ ಇಂದು ಪಾಠ ನಡೆಯುತ್ತಿಲ್ಲ. ಶಾಸನ ಮಾತ್ರ ಉಳಿದಿದೆ. ಅನ್ನ ಮತ್ತು ಔಷಧಗಳ ಜೊತೆಗೆ ಗ್ರಂಥಗಳನ್ನೂ ಎಣಿಸಿದ ಆ ಕಲ್ಲು ವಿದ್ಯೆಯನ್ನು ಬದುಕಿನ ಅಗತ್ಯಗಳ ಸಾಲಿನಲ್ಲಿ ಇರಿಸಿತು. ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಅನ್ನದಾಸೋಹ, ಜ್ಞಾನದಾಸೋಹಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾ ಬಂದಿವೆ. ಪಂಕ್ತಿಯಲ್ಲಿ ಕುಳಿತವನ ಹಸಿವನ್ನು ಕೇಳಿ ಬಡಿಸುವಂತೆ, ಕಪಾಟಿನ ಮುಂದೆ ನಿಂತ ಮಗುವಿನ ಹಸಿವೇನೆಂದು ಕೇಳಿ, ಅದನ್ನು ತಣಿಸುವ ಪುಸ್ತಕವನ್ನು ಅದರ ಕೈಯಿಂದಲೇ ಆರಿಸಿಕೊಳ್ಳುವಂತೆ ಮಾಡಿದಾಗ ಜ್ಞಾನದಾಸೋಹವೆಂಬ ಮಾತು ಸಾರ್ಥಕವಾಗುತ್ತದೆ.