ವಿಮಾನ ಏರುವ ಮುನ್ನವೇ ಅಮೆರಿಕದ ಇಮಿಗ್ರೇಷನ್: ಉದ್ಯಮಿಗೆ ಅನುಕೂಲವೆಷ್ಟು, ತೊಡಕೆಷ್ಟು?

ಬೆಂಗಳೂರಿನ ರಫ್ತುದಾರರಿಗೆ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ಹೊಸ ವಿಷಯವಲ್ಲ. ಸರಕನ್ನು ಚೆನ್ನೈ ಬಂದರಿನವರೆಗೆ ಸಾಗಿಸಿ ಅಲ್ಲಿ ಕಸ್ಟಮ್ಸ್ ತಪಾಸಣೆಗಾಗಿ ಕಾಯುವ ಬದಲು, ಇಲ್ಲಿಯೇ ಶಿಪ್ಪಿಂಗ್ ಬಿಲ್ ಸಲ್ಲಿಸಿ, ಪರೀಕ್ಷೆ ಮುಗಿಸಿ, ಕಂಟೇನರಿಗೆ ಸೀಲು ಹಾಕಿಸಿ ರೈಲಿಗೇರಿಸಿದರೆ, ಬಂದರಿನಲ್ಲಿ ಅದನ್ನು ಮತ್ತೆ ತೆರೆಯುವ ಪ್ರಮೇಯ ಸಾಮಾನ್ಯವಾಗಿ ಒದಗುವುದಿಲ್ಲ. ದೇಶದ ಮೊದಲ ಇಂತಹ ಡಿಪೋ 1981ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ತಪಾಸಣೆಯ ಸ್ಥಳವನ್ನು ದಾರಿಯ ಕೊನೆಯಿಂದ ದಾರಿಯ ಮೊದಲಿಗೆ ತಂದರೆ ಸಮಯ ಉಳಿಯುತ್ತದೆ ಎಂಬ ಈ ತತ್ತ್ವವನ್ನು ಸರಕಿಗಲ್ಲದೆ ಪ್ರಯಾಣಿಕರಿಗೂ ಅನ್ವಯಿಸುವ ವ್ಯವಸ್ಥೆಯೇ 'ಪ್ರೀಕ್ಲಿಯರೆನ್ಸ್', ಅಂದರೆ ನಿರ್ಗಮನಪೂರ್ವ ತಪಾಸಣೆ. ವ್ಯತ್ಯಾಸ ಒಂದೇ. ಡಿಪೋದಲ್ಲಿ ಪರೀಕ್ಷಿಸುವವರು ಸ್ವದೇಶದ ಅಧಿಕಾರಿಗಳು. ಪ್ರೀಕ್ಲಿಯರೆನ್ಸ್‌ನಲ್ಲಿ ಪರೀಕ್ಷಿಸುವವರು ತಲುಪಬೇಕಾದ ದೇಶದವರು. ಅದರ ಲಾಭನಷ್ಟಗಳೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಈ ವ್ಯವಸ್ಥೆ ಹೊಸದೇನಲ್ಲ. 1952ರಲ್ಲಿ ಕೆನಡಾದ ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಅಧಿಕಾರಿಗಳು ಮೊದಲ ಬಾರಿಗೆ ಮೇಜು ಹಾಕಿ ಕುಳಿತರು. ಬಳಿಕ ವ್ಯಾಂಕೂವರ್, ಮಾಂಟ್ರಿಯಲ್ ಮುಂತಾದ ಕೆನಡಾದ ಪ್ರಮುಖ ನಿಲ್ದಾಣಗಳಿಗೂ, ಬರ್ಮುಡಾ, ಬಹಾಮಾಸ್‌ನ ನಸ್ಸೌ ಮತ್ತು ಅರೂಬಾಗಳಿಗೂ ಅದು ವಿಸ್ತರಿಸಿತು. ಐರ್ಲೆಂಡಿನ ಶಾನನ್‌ನಲ್ಲಿ 1986ರಲ್ಲಿ ಇಮಿಗ್ರೇಷನ್ ತಪಾಸಣೆ ಮಾತ್ರ ಆರಂಭವಾಗಿ, 2009ರಲ್ಲಿ ಕಸ್ಟಮ್ಸ್ ಕೂಡ ಸೇರಿತು. ಡಬ್ಲಿನ್‌ನಲ್ಲಿಯೂ ಇದೇ ಕ್ರಮ ಅನುಸರಿಸಲಾಯಿತು. 2014ರ ಜನವರಿಯಲ್ಲಿ ಅಬುಧಾಬಿ ಈ ಪಟ್ಟಿಗೆ ಸೇರಿದಾಗ ವ್ಯವಸ್ಥೆ ಮೊದಲ ಬಾರಿಗೆ ಭಾರತೀಯ ಪ್ರಯಾಣಿಕರ ದಾರಿಗೆ ಬಂದಿತು. ಬೆಂಗಳೂರಿನಿಂದ ಅಬುಧಾಬಿಗೆ ಸುಮಾರು ನಾಲ್ಕು ಗಂಟೆಗಳ ಪ್ರಯಾಣ. ಅಲ್ಲಿಂದ ನ್ಯೂಯಾರ್ಕ್, ವಾಷಿಂಗ್ಟನ್, ಷಿಕಾಗೊಗಳಿಗೆ ನೇರ ವಿಮಾನ. ಕೆನಡಾದ ನಿಲ್ದಾಣಗಳ ಮೂಲಕ ಹೋಗಬೇಕಾದರೆ ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಕೆನಡಾದ ವೀಸಾವನ್ನೂ ಪಡೆಯಬೇಕಾಗುತ್ತದೆ. ಆದುದರಿಂದ ಪಶ್ಚಿಮ ಬೆಂಗಳೂರಿನ ಉದ್ಯಮಿಯ ಮಟ್ಟಿಗೆ ಪ್ರೀಕ್ಲಿಯರೆನ್ಸ್ ಎಂದರೆ ಬಹುಪಾಲು ಅಬುಧಾಬಿಯೇ.

ಪ್ರಯಾಣದ ಕ್ರಮ

ರಾಜಾಜಿನಗರ ಕೈಗಾರಿಕಾ ಬಡಾವಣೆಯಲ್ಲಿ ಸಿಎನ್‌ಸಿ ಯಂತ್ರಗಳಿಟ್ಟುಕೊಂಡು ನಿಖರ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಷಿಕಾಗೊದಲ್ಲಿ ಎರಡು ವರ್ಷಗಳಿಗೊಮ್ಮೆ, ಸಮಸಂಖ್ಯೆಯ ವರ್ಷದ ಸೆಪ್ಟೆಂಬರ್‌ನಲ್ಲಿ ನಡೆಯುವ ಐಎಂಟಿಎಸ್ ಯಂತ್ರೋಪಕರಣ ಪ್ರದರ್ಶನಕ್ಕೆ ಅದರ ಮಾಲೀಕರು ಹೊರಟಿದ್ದಾರೆ. ಪ್ರದರ್ಶನ ಮುಗಿಸಿ ಒಳನಾಡಿನ ಇನ್ನೊಂದು ಊರಿನಲ್ಲಿ ಖರೀದಿದಾರರನ್ನು ಕಾಣಬೇಕಾಗಿದೆ. ಇಂತಹ ಘಟಕದಲ್ಲಿ ಮಾಲೀಕರೇ ಮಾರಾಟ ವಿಭಾಗ, ಅವರೇ ಗುಣಮಟ್ಟ ವಿಭಾಗ. ಅವರು ಹತ್ತು ದಿನ ಊರಿನಲ್ಲಿಲ್ಲವೆಂದರೆ ಕಾರ್ಖಾನೆಯ ಅರ್ಧ ನಿರ್ಧಾರಗಳು ನಿಂತಂತೆಯೇ. ಒಂದು ದಿನ ವ್ಯರ್ಥವಾದರೂ ಲೆಕ್ಕಕ್ಕೆ ಬರುತ್ತದೆ.

ಸಾಮಾನ್ಯ ಮಾರ್ಗದಲ್ಲಿ, ಅಂದರೆ ದುಬೈ, ಲಂಡನ್ ಅಥವಾ ಫ್ರಾಂಕ್‌ಫರ್ಟ್ ಮೂಲಕ ಹೋದರೆ, ಅಮೆರಿಕದಲ್ಲಿ ಇಳಿದ ಮೊದಲ ನಿಲ್ದಾಣದಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು. ಬಳಿಕ ಲಗೇಜನ್ನು ಪಡೆದು ಕಸ್ಟಮ್ಸ್ ದಾಟಿಸಿ, ಮುಂದಿನ ಊರಿಗೆ ವಿಮಾನವಿದ್ದರೆ ಅದನ್ನು ಮತ್ತೆ ಒಪ್ಪಿಸಿ, ಭದ್ರತಾ ತಪಾಸಣೆಗೆ ಪುನಃ ಸಾಲು ಹಿಡಿಯಬೇಕು. ಹಲವು ದೊಡ್ಡ ವಿಮಾನಗಳು ಒಂದೇ ಹೊತ್ತಿಗೆ ಇಳಿದರೆ ಎರಡು ಮೂರು ಗಂಟೆಗಳು ಹೀಗೆಯೇ ಕಳೆಯುವುದುಂಟು.

ಅಬುಧಾಬಿ ಮಾರ್ಗದಲ್ಲಿ ಈ ಕೆಲಸವೆಲ್ಲ ಮಧ್ಯದಲ್ಲಿಯೇ ಮುಗಿಯುತ್ತದೆ. ಬೆಂಗಳೂರಿನಿಂದ ಬಂದ ಪ್ರಯಾಣಿಕರು ಪ್ರತ್ಯೇಕ ವಿಭಾಗಕ್ಕೆ ಹೋಗಿ, ಅಮೆರಿಕದ ಮಾನದಂಡದಂತೆ ಮತ್ತೊಮ್ಮೆ ಭದ್ರತಾ ತಪಾಸಣೆಗೆ ಒಳಪಟ್ಟು, ಅಮೆರಿಕದ ಅಧಿಕಾರಿಯ ಮುಂದೆ ನಿಲ್ಲುತ್ತಾರೆ. ಬೆರಳಚ್ಚು, ಭಾವಚಿತ್ರ, ಪ್ರವಾಸದ ಉದ್ದೇಶದ ಬಗೆಗಿನ ಪ್ರಶ್ನೆಗಳು, ಕಸ್ಟಮ್ಸ್ ಹಾಗೂ ಕೃಷಿ ಉತ್ಪನ್ನಗಳ ವಿಚಾರಣೆ ಎಲ್ಲವೂ ಅಲ್ಲಿಯೇ. ಬೆಂಗಳೂರಿನಲ್ಲಿ ಒಪ್ಪಿಸಿದ ಲಗೇಜನ್ನು ಕೈಯಲ್ಲಿ ಹಿಡಿದು ತೋರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅದರ ಚಿತ್ರವನ್ನು ತೋರಿಸಿ ಖಚಿತಪಡಿಸಿಕೊಳ್ಳಲಾಗುತ್ತದೆ. ಅನುಮತಿ ದೊರೆತ ಮೇಲೆ ಷಿಕಾಗೊದಲ್ಲಿ ಇಳಿಯುವವರು ದೇಶೀಯ ಪ್ರಯಾಣಿಕರಂತೆ ನೇರವಾಗಿ ಹೊರನಡೆಯಬಹುದು. ಒಂದೇ ಟಿಕೆಟ್‌ನಲ್ಲಿ ಮುಂದಿನ ಊರಿಗೂ ಪ್ರಯಾಣವಿದ್ದರೆ ಲಗೇಜು ಕೊನೆಯ ಊರಿನಲ್ಲಿಯೇ ಕೈಗೆ ಬರುತ್ತದೆ. ಟರ್ಮಿನಲ್ ಬದಲಿಸಬೇಕಾದಲ್ಲಿ ಮಾತ್ರ ಭದ್ರತಾ ತಪಾಸಣೆ ಮತ್ತೊಮ್ಮೆ ಇರಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ವಾಸ್ತವ್ಯದ ಅನುಮತಿ ಅಬುಧಾಬಿಯಲ್ಲಿಯೇ ದೊರೆತಿರುವುದರಿಂದ ಅಮೆರಿಕದಲ್ಲಿ ಇಳಿದ ಮೇಲೆ ತಪ್ಪನ್ನು ಸರಿಪಡಿಸಿಕೊಳ್ಳಲು ಎದುರಿಗೆ ಅಧಿಕಾರಿ ಇರುವುದಿಲ್ಲ. 2013ರಿಂದ ವಿಮಾನ ಪ್ರಯಾಣಿಕರ ಐ-94 ದಾಖಲೆ ವಿದ್ಯುನ್ಮಾನ ರೂಪದಲ್ಲಿದೆ. ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವುದು ಈ ದಾಖಲೆಯ ದಿನಾಂಕವೇ ಹೊರತು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ದಿನಾಂಕವಲ್ಲ. ತಲುಪಿದ ದಿನವೇ ಅದರ ಮುದ್ರಿತ ಪ್ರತಿ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಅನುಕೂಲದ ಬೆಲೆ

ಅನುಕೂಲಗಳಲ್ಲಿ ಮುಖ್ಯವಾದುದು ಸಮಯದ ಉಳಿತಾಯವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ಪೂರ್ಣ ಸತ್ಯವಲ್ಲ. ಸಾಲು ಇಲ್ಲವಾಗುವುದಿಲ್ಲ; ಅದು ಸ್ಥಳ ಬದಲಿಸುತ್ತದೆ. ನಿಜವಾದ ಲಾಭವೆಂದರೆ ನಿಶ್ಚಿತತೆ. ಹದಿನಾಲ್ಕು ಗಂಟೆಗಳ ಹಾರಾಟದ ನಂತರ ಪ್ರವೇಶ ಸಿಗುವುದೋ ಇಲ್ಲವೋ ಎಂಬ ಆತಂಕ ಇರುವುದಿಲ್ಲ. ಪ್ರವೇಶ ನಿರಾಕರಣೆಯಾದರೂ ಅದು ಊರಿನಿಂದ ನಾಲ್ಕು ಗಂಟೆಗಳ ದೂರದಲ್ಲಿ ಆಗುತ್ತದೆ. ಅಮೆರಿಕದ ನೆಲದ ಮೇಲೆ ಇಳಿದ ನಂತರ ನಿರಾಕರಣೆಯಾದಲ್ಲಿ, ಕೆಲವು ಸಂದರ್ಭಗಳಲ್ಲಿ ತ್ವರಿತವಾಗಿ ಹೊರಗೆ ಕಳುಹಿಸುವ ಆದೇಶ ಹೊರಡಬಹುದು. ಅದರೊಂದಿಗೆ ಐದು ವರ್ಷಗಳ ಪ್ರವೇಶ ನಿಷೇಧವೂ ಅಂಟಿಕೊಳ್ಳುತ್ತದೆ. ಪರದೇಶದ ನೆಲದಲ್ಲಿ ನಿಂತಿರುವವರನ್ನು ಅಮೆರಿಕದಿಂದ 'ಹೊರಗೆ ಕಳುಹಿಸುವ' ಪ್ರಶ್ನೆ ಉದ್ಭವಿಸುವುದಿಲ್ಲ. ಹಾಗೆಂದು ನಿರಾಕರಣೆಗೆ ಬೆಲೆಯಿಲ್ಲವೆಂದಲ್ಲ. ವೀಸಾ ರದ್ದಾಗಬಹುದು, ಸುಳ್ಳು ಹೇಳಿದುದು ದಾಖಲಾದರೆ ಅದು ಮುಂದಿನ ಪ್ರತಿ ಅರ್ಜಿಯಲ್ಲಿಯೂ ಎದುರಾಗುತ್ತದೆ.

ತೊಡಕಿನ ಕಡೆಗೆ ಬಂದರೆ, ಮೊದಲನೆಯದು ಸಂಪರ್ಕ ವಿಮಾನದ ಅವಧಿ. ಅಬುಧಾಬಿಯಲ್ಲಿ ಎರಡು ವಿಮಾನಗಳ ನಡುವಿನ ಅಂತರದೊಳಗೇ ಭದ್ರತೆ, ಇಮಿಗ್ರೇಷನ್, ಕಸ್ಟಮ್ಸ್ ಮೂರೂ ಮುಗಿಯಬೇಕು. ಹೆಚ್ಚಿನ ವಿಚಾರಣೆಗೆಂದು ಪಕ್ಕದ ಕೋಣೆಗೆ ಕರೆದೊಯ್ದರೆ ವಿಮಾನ ತಪ್ಪುವ ಸಂಭವವಿದೆ. ಷಿಕಾಗೊದಲ್ಲಿ ಇದೇ ವಿಚಾರಣೆಗೆ ಮೂರು ಗಂಟೆ ಹಿಡಿದರೆ ಸಂಜೆಯ ಒಂದು ಭೇಟಿ ತಪ್ಪಬಹುದು. ಅಬುಧಾಬಿಯಲ್ಲಿ ಮೂರು ಗಂಟೆ ಹಿಡಿದರೆ ಅಮೆರಿಕ ತಲುಪುವುದೇ ಮರುದಿನಕ್ಕೆ ಹೋಗಬಹುದು. ಎಲ್ಲ ಹಂತಗಳೂ ಒಂದೇ ಟಿಕೆಟ್‌ನಲ್ಲಿದ್ದರೆ ಬದಲಿ ಆಸನ ಒದಗಿಸುವ ಹೊಣೆ ವಿಮಾನ ಸಂಸ್ಥೆಯ ಮೇಲೆ ಬರುತ್ತದೆ. ನಾಲ್ಕು ಸಾವಿರ ರೂಪಾಯಿ ಉಳಿಯುವುದೆಂದು ಬೇರೆ ಬೇರೆ ಟಿಕೆಟ್‌ಗಳನ್ನು ಜೋಡಿಸಿಕೊಂಡವರು ತಪ್ಪಿದ ವಿಮಾನದ ಸಂಪೂರ್ಣ ನಷ್ಟವನ್ನು ತಾವೇ ಭರಿಸಬೇಕಾಗುತ್ತದೆ. ಟ್ರಾವೆಲ್ ಏಜೆಂಟರು ಒಂದೂವರೆ ಗಂಟೆಯ ಅಂತರ ಸಾಕೆಂದು ಹೇಳಿದರೂ ಮೂರು ಗಂಟೆಗಳ ಅಂತರವುಳ್ಳ ಟಿಕೆಟ್ ಕೇಳಿ ಪಡೆಯುವುದು ಲೇಸು.

ಕೊಲ್ಲಿಯ ಒಂದೇ ನಿಲ್ದಾಣವನ್ನು ನೆಚ್ಚಿಕೊಳ್ಳುವುದರಲ್ಲಿಯೂ ಅಪಾಯವಿದೆ. 2025ರ ಜೂನ್ 23ರಂದು ಕತಾರ್ ತನ್ನ ವಾಯುಮಾರ್ಗವನ್ನು ಮುಚ್ಚಿದಾಗ ಆ ಪ್ರದೇಶದ ವಿಮಾನ ಸಂಚಾರ ಅಸ್ತವ್ಯಸ್ತಗೊಂಡಿತು. ಹೊರಡುವ ವಾರದ ವೇಳಾಪಟ್ಟಿಯನ್ನು ನೋಡದೆ ಪ್ರದರ್ಶನದ ಹಿಂದಿನ ದಿನವೇ ತಲುಪುವಂತೆ ಟಿಕೆಟ್ ಕಾಯ್ದಿರಿಸುವುದು ಜಾಣತನವಲ್ಲ.

ಇನ್ನು ಕಾನೂನಿನ ಪ್ರಶ್ನೆ. ತಪಾಸಣಾ ವಿಭಾಗ ಅಮೆರಿಕದ ನೆಲವಲ್ಲ; ಅಲ್ಲಿ ಆತಿಥೇಯ ದೇಶದ ಕಾನೂನು ಜಾರಿಯಲ್ಲಿರುತ್ತದೆ. ಆದುದರಿಂದಲೇ ಪರದೇಶದ ಅಧಿಕಾರಿಗಳಿಗೆ ಎಷ್ಟು ಅಧಿಕಾರ ಕೊಡಬೇಕೆಂಬುದು ವಿವಾದದ ವಸ್ತುವಾಗಿದೆ. ಕೆನಡಾದಲ್ಲಿ ಮೊದಲು, ಪ್ರಶ್ನೆಗಳು ಹಿಡಿಸದಿದ್ದರೆ ಪ್ರಯಾಣಿಕರು ಪ್ರವಾಸವನ್ನೇ ಕೈಬಿಟ್ಟು ಹಿಂದಿರುಗಬಹುದಾಗಿತ್ತು. 2019ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ ಪ್ರಕಾರ ಹಾಗೆ ಹಿಂದಿರುಗುವವರ ಗುರುತನ್ನೂ ಕಾರಣವನ್ನೂ ಅಮೆರಿಕದ ಅಧಿಕಾರಿಗಳು ಕೇಳಬಹುದು. ಅಲ್ಲಿನ ಸಾರ್ವಜನಿಕರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಖರ್ಚಿನ ವಿಷಯದಲ್ಲಿಯೂ ತಕರಾರಿತ್ತು. ಅಬುಧಾಬಿ ಕೇಂದ್ರದ ವೆಚ್ಚದ ಸುಮಾರು ಶೇಕಡ 85ರಷ್ಟನ್ನು ಆತಿಥೇಯ ಸರ್ಕಾರವೇ ಭರಿಸಲು ಒಪ್ಪಿದಾಗ, ಅಮೆರಿಕದ ಒಂದು ವಿಮಾನ ಸಂಸ್ಥೆಯೂ ಹಾರಾಟ ನಡೆಸದ ಊರಿನಲ್ಲಿ ಈ ಸೌಲಭ್ಯವೇಕೆಂದು ಅಲ್ಲಿನ ಸಂಸ್ಥೆಗಳು ಬಲವಾಗಿ ವಿರೋಧಿಸಿದವು. ಪ್ರತಿಸ್ಪರ್ಧಿಗೆ ದೊರೆತ ಅನುಕೂಲ ಯಾರಿಗೆ ತಾನೆ ರುಚಿಸೀತು!

ಕಾಗದಪತ್ರ ಮತ್ತು ಮಾದರಿಗಳು

ಸದಸ್ಯರಲ್ಲಿ ಕೆಲವರಿಗೆ ಇರುವ ಒಂದು ತಪ್ಪುಕಲ್ಪನೆಯನ್ನು ನಿವಾರಿಸಬೇಕಾಗಿದೆ. ಪ್ರೀಕ್ಲಿಯರೆನ್ಸ್ ಪ್ರಯಾಣಿಕರಿಗೆ ಮತ್ತು ಅವರೊಂದಿಗಿನ ಲಗೇಜಿಗೆ ಮಾತ್ರ. ಕಾರ್ಗೋ ಮೂಲಕ ಕಳುಹಿಸಿದ ಪ್ರದರ್ಶನ ಸಾಮಗ್ರಿಗೆ ಅದು ಅನ್ವಯಿಸುವುದಿಲ್ಲ; ಆ ಸರಕು ಅಮೆರಿಕದಲ್ಲಿಯೇ ಕಸ್ಟಮ್ಸ್ ದಾಟಬೇಕು.

ಕೈಯಲ್ಲಿ ಒಯ್ಯುವ ಮಾದರಿಗಳ ವಿಷಯ ಬೇರೆ. ಆರ್ಡರ್ ಪಡೆಯುವುದಕ್ಕಾಗಿ ಮಾತ್ರ ಬಳಸುವ ಮಾದರಿಯ ಬೆಲೆ ಒಂದು ಡಾಲರ್‌ಗಿಂತ ಹೆಚ್ಚಿಲ್ಲದಿದ್ದರೆ, ಅಥವಾ ಅದಕ್ಕೆ ಗುರುತು ಹಾಕಿ, ತೂತು ಕೊರೆದು, ಮಾರಾಟಕ್ಕೆ ಒದಗದಂತೆ ಮಾಡಿದ್ದರೆ ಅಮೆರಿಕದಲ್ಲಿ ಸುಂಕವಿಲ್ಲ. ಕಾಮಾಕ್ಷಿಪಾಳ್ಯದ ಯಾವುದೇ ವರ್ಕ್‌ಶಾಪಿನಲ್ಲಿ ಐದು ನಿಮಿಷದ ಕೆಲಸವಿದು. ಆದರೂ ಎಷ್ಟೋ ಮಂದಿ ಹೊಳೆಯುವ ಬಿಡಿಭಾಗಗಳನ್ನು ಬಟ್ಟೆಯ ನಡುವೆ ಸುತ್ತಿಟ್ಟು, ಕೇಳಿದಾಗ ತಡವರಿಸುತ್ತಾರೆ. ಇನ್‌ವಾಯ್ಸ್ ಮಾದರಿಯ ಒಂದು ಪಟ್ಟಿ ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ. ಬಸವೇಶ್ವರನಗರದ ನೆರೆಮನೆಯವರು ಅಲ್ಲಿರುವ ಮಗಳಿಗೆಂದು ಕೊಟ್ಟ ಚಟ್ನಿಪುಡಿಯ ಪೊಟ್ಟಣಕ್ಕೂ ಉತ್ತರ ಹೇಳಬೇಕಾದವರು ಪ್ರಯಾಣಿಕರೇ. ಆಹಾರ ಪದಾರ್ಥಗಳನ್ನು ಘೋಷಿಸಿದರೆ ಹೆಚ್ಚೆಂದರೆ ಅವು ಹೋಗುತ್ತವೆ. ಮುಚ್ಚಿಟ್ಟರೆ ದಂಡದ ಜೊತೆಗೆ ಸಮಯವೂ ಹೋಗುತ್ತದೆ, ಸಂಪರ್ಕ ವಿಮಾನವೂ ಹೋದೀತು.

ಬಿ-1 ವ್ಯಾಪಾರ ವೀಸಾದಲ್ಲಿ ಮಾತುಕತೆ, ಒಪ್ಪಂದ, ಪ್ರದರ್ಶನದಲ್ಲಿ ಆರ್ಡರ್ ಪಡೆಯುವುದು ಇವೆಲ್ಲಕ್ಕೂ ಅವಕಾಶವಿದೆ. 'ಕೆಲಸಕ್ಕಾಗಿ ಬಂದಿದ್ದೇನೆ' ಎಂಬ ಅಸಡ್ಡೆಯ ಉತ್ತರ ಮಾತ್ರ ಅನರ್ಥಕ್ಕೆ ದಾರಿ. ಯಂತ್ರ ಮಾರಿದವರು ಅದನ್ನು ಅಳವಡಿಸಲು ತಂತ್ರಜ್ಞರನ್ನು ಕಳುಹಿಸುವುದಾದರೆ, ಅಳವಡಿಕೆಯ ಹೊಣೆ ಮಾರಾಟ ಒಪ್ಪಂದದಲ್ಲಿಯೇ ಸ್ಪಷ್ಟವಾಗಿ ನಮೂದಾಗಿರಬೇಕು ಮತ್ತು ಸಂಬಳ ಭಾರತದಿಂದಲೇ ಸಂದಾಯವಾಗಬೇಕು. ಆ ಒಪ್ಪಂದದ ಪ್ರತಿ ಲಗೇಜಿನಲ್ಲಲ್ಲ, ಕೈಚೀಲದಲ್ಲಿರಬೇಕು. ಲ್ಯಾಪ್‌ಟಾಪ್ ಹಾಗೂ ಮೊಬೈಲ್‌ಗಳನ್ನು ತೆರೆದು ನೋಡುವ ಅಧಿಕಾರವೂ ಅಮೆರಿಕದ ಅಧಿಕಾರಿಗಳಿಗೆ ಇರುವುದರಿಂದ, ಗೋಪ್ಯತೆಯ ಕರಾರಿನಡಿ ಖರೀದಿದಾರರು ಕೊಟ್ಟ ನಕ್ಷೆಗಳನ್ನೆಲ್ಲ ತುಂಬಿಕೊಂಡು ಹೋಗುವ ಅಭ್ಯಾಸವನ್ನು ಬಿಡುವುದು ಒಳಿತು.

ದೇವನಹಳ್ಳಿಗೆ ಬರಬಹುದೇ?

ಇಂತಹ ಕೇಂದ್ರ ಬೆಂಗಳೂರಿನಲ್ಲಿಯೇ ಏಕಿರಬಾರದು ಎಂಬ ಪ್ರಶ್ನೆ ಸಹಜ. ಭಾರತದ ಯಾವ ನಿಲ್ದಾಣದಲ್ಲಿಯೂ ಅದಿಲ್ಲ. ಮೊದಲ ಅಗತ್ಯವೆಂದರೆ ಅಮೆರಿಕಕ್ಕೆ ಸಾಕಷ್ಟು ನೇರ ವಿಮಾನಗಳು. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ಹಾರಾಟ ಆರಂಭಿಸಿದಾಗ ಆಸೆ ಚಿಗುರಿತ್ತು. ಆದರೆ ಒಂದೇ ಮಾರ್ಗವನ್ನು ನಂಬಿ ಪ್ರತ್ಯೇಕ ವಿಭಾಗ ಕಟ್ಟಿ, ಅಧಿಕಾರಿಗಳ ವೆಚ್ಚ ಹೊರುವ ಲೆಕ್ಕಾಚಾರ ಕೂಡಿಬರುವುದಿಲ್ಲ. ಜೊತೆಗೆ ಕಾನೂನೂ ಬೇಕು. ಐರ್ಲೆಂಡ್ ಇದಕ್ಕಾಗಿಯೇ 2009ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಭಾರತದ ನೆಲದಲ್ಲಿ ಪರದೇಶದ ಅಧಿಕಾರಿಗೆ ತಪಾಸಣೆಯ ಅಧಿಕಾರ ಕೊಡುವ ಮಾತು ಸಂಸತ್ತಿನಲ್ಲಿ ಸುಲಭವಾಗಿ ದಾಟಲಾರದು.

ಸದ್ಯಕ್ಕೆ ಕೈಗೆಟುಕುವ ಸೌಲಭ್ಯಗಳು ಬೇರೆ ಇವೆ. ಅಮೆರಿಕದ ಗ್ಲೋಬಲ್ ಎಂಟ್ರಿ ಯೋಜನೆ 2017ರಿಂದ ಭಾರತೀಯ ನಾಗರಿಕರಿಗೂ ತೆರೆದಿದೆ. 2024ರ ಅಕ್ಟೋಬರ್‌ನಿಂದ ಅದರ ಅರ್ಜಿ ಶುಲ್ಕ 120 ಡಾಲರ್; ಐದು ವರ್ಷಗಳ ಮಾನ್ಯತೆ. ವರ್ಷಕ್ಕೆ ಎರಡು ಮೂರು ಬಾರಿ ಹೋಗಿಬರುವವರಿಗೆ ಇದು ದುಬಾರಿಯಲ್ಲ, ಯಾವ ಮಾರ್ಗದಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಭಾರತದಿಂದ ಹೊರಡುವಾಗ ಮತ್ತು ಹಿಂದಿರುಗುವಾಗ ಸಾಲಿಲ್ಲದೆ ಇ-ಗೇಟ್ ಮೂಲಕ ದಾಟಿಸುವ ವಿಶ್ವಸನೀಯ ಪ್ರಯಾಣಿಕರ ಯೋಜನೆ ದೆಹಲಿಯಲ್ಲಿ 2024ರ ಜೂನ್‌ನಲ್ಲಿ ಆರಂಭವಾಗಿ, 2025ರ ಜನವರಿ 16ರಿಂದ ಬೆಂಗಳೂರಿಗೂ ಬಂದಿದೆ.

ಪಶ್ಚಿಮ ಬೆಂಗಳೂರಿನ ಸಣ್ಣ ತಯಾರಕರಿಗೆ ಇವೆಲ್ಲಕ್ಕಿಂತ ದೊಡ್ಡ ಅಡಚಣೆ ವೀಸಾ ಸಂದರ್ಶನವೇ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಗೊಂಡಿತಾದರೂ ವೀಸಾ ಸೇವೆ ಅದರೊಂದಿಗೆ ಆರಂಭವಾಗಲಿಲ್ಲ. ಕುಂಬಳಗೋಡಿನ ಕಾರ್ಖಾನೆ ಮಾಲೀಕರು ಎರಡು ದಿನ ಯಂತ್ರ ಬಿಟ್ಟು ಚೆನ್ನೈಗೆ ಹೋಗಿ ನಿಲ್ಲುವ ಸಾಲಿನ ಮುಂದೆ ಅಬುಧಾಬಿಯ ಸಾಲು ಗಣನೆಗೆ ಬಾರದು. ವಾಣಿಜ್ಯ ಸಂಸ್ಥೆಗಳು ಮನವಿ ಸಲ್ಲಿಸುವುದಾದರೆ ದೇವನಹಳ್ಳಿಯ ಪ್ರೀಕ್ಲಿಯರೆನ್ಸ್‌ಗಿಂತ ಮೊದಲು ಈ ನಗರದಲ್ಲಿ ಒಂದು ವೀಸಾ ಕಿಟಕಿಗಾಗಿ ಸಲ್ಲಿಸುವುದು ಸೂಕ್ತ.